ಚೆಂಡುಹೂವಿನ ದಾರಿಗೆ ಬೀಗ

ಪ್ರವಾಸೋದ್ಯಮ ಕಚೇರಿಯ ಮುಖ್ಯಾಧಿಕಾರಿಗಳೇ,

ತೀರಿಕೊಂಡ ಮಕ್ಕಳು ಮನೆಗೆ ಬಂದುಹೋಗುವ ದಿನ, ಕಳೆದ ವರ್ಷ ನನ್ನ ತಮ್ಮ ಬರಲಿಲ್ಲ. ಅವನನ್ನು ತಡೆದದ್ದು ನಿಮ್ಮ ಪೊರಕೆ ಮತ್ತು ನಿಮ್ಮ ಗೇಟು. ಇದನ್ನು ನಾಲ್ಕು ಜನರ ಎದುರಿಗೇ ಹೇಳಬೇಕೆಂದು ಪತ್ರಿಕೆಗೆ ಬರೆಸುತ್ತಿದ್ದೇನೆ.

ಪರಿಕುಟಿನ್ ಜ್ವಾಲಾಮುಖಿ ಜಗತ್ತಿನ ನೈಸರ್ಗಿಕ ಅದ್ಭುತಗಳಲ್ಲೊಂದು ಎಂದು ನಿಮ್ಮ ಫಲಕ ಹೇಳುತ್ತದೆ. ಇರಬಹುದು. ಮೆಕ್ಕೆಜೋಳದ ಹೊಲದಲ್ಲಿ ಅದು ಹುಟ್ಟಿದಾಗ ನಾನು ಅಕ್ಕ ಎಫ್ರೋಸಿನಾಳ ಲಂಗ ಹಿಡಿದು ನಿಂತಿದ್ದೆ. ಅದ್ಭುತವೆಂದು ಅಲ್ಲಿ ಯಾರೂ ಕೂಗಿದ ನೆನಪಿಲ್ಲ. ಕರಗಿದ ಕಲ್ಲು ಆತುರವಿಲ್ಲದೆ ನಡೆದು ಬಂದು ನಮ್ಮೂರನ್ನು ಮುಚ್ಚಿತು. ಇಗರ್ಜಿಯ ಗೋಪುರ ಉಳಿಯಿತು, ಅದರ ಚಿತ್ರ ನೀವು ಮಾರುತ್ತೀರಿ. ಪಕ್ಕದ ಸ್ಮಶಾನ ಉಳಿಯಲಿಲ್ಲ. ಅಲ್ಲಿ ನಮ್ಮ ತಮ್ಮ ನಾಬೋರ್ ಇದ್ದ, ಹಿಂದಿನ ಚಳಿಗಾಲದಲ್ಲಿ ಕೆಮ್ಮು ಬಂದು ಹೋದ ಕೂಸು. ಊರು ಬಿಡುವಾಗ ಮೇಕೆ, ಮಡಕೆ, ದೇವರು ಎಲ್ಲವನ್ನೂ ಗಾಡಿಗೆ ಹಾಕಿಕೊಂಡೆವು. ಅವನನ್ನು ಹೇಗೆ ಹಾಕಿಕೊಳ್ಳುವುದು?

ಪಕ್ಕದ ಹಳ್ಳಿಯ ಹೊಸ ಮನೆ ಅವನು ನೋಡಿದ್ದಲ್ಲ. ಅದಕ್ಕೇ ಮೊದಲು ಅಮ್ಮ, ಆಮೇಲೆ ಅಕ್ಕ, ವರ್ಷವರ್ಷವೂ ಆ ಕಪ್ಪು ಬಂಡೆಗಳಿಂದ ನಮ್ಮ ಬಾಗಿಲವರೆಗೆ ಚೆಂಡುಹೂವಿನ ಎಸಳು ಚೆಲ್ಲಿ ದಾರಿ ಮಾಡುತ್ತಿದ್ದರು. ಕಳೆದ ವರ್ಷ ಅದನ್ನು ನಿಮ್ಮ ಕೆಲಸದವನು ಗುಡಿಸುತ್ತಿದ್ದ.

"ಅಜ್ಜಿ, ಬೆಟ್ಟ ನೋಡಿ ಅಂಕ ಕೊಡೋಕೆ ಯಾವ್ದೋ ಸಮಿತಿಯೋರು ಬರ್ತಿದಾರೆ. ಕಸ ಕಾಣ್ಬಾರ್ದು ಅಂತ ಆರ್ಡರ್."

"ಇದನ್ನ ಕಸ ಅಂತೀಯೇನೋ? ನಿಮ್ಮವ್ವ ಕೇಳಿಸ್ಕೊಂಡ್ರೆ ನಿನ್ನ ಕಿವಿ ಉಳಿಯುತ್ತಾ?" ಎಂದಳು ಅಕ್ಕ.

"ಬೈಬೇಡಿ ಅಜ್ಜಿ, ನಮ್ಮನೇಲೂ ಹೂವು ಹಾಕಿದೀವಿ. ಸಂಜೆ ಬಂಡೆ ಹತ್ರದ ಗೇಟಿಗೂ ಬೀಗ ಹಾಕ್ಬೇಕು. ಅಷ್ಟಕ್ಕೂ ಆತ್ಮಕ್ಕೆ ಬೀಗ ಏನ್ ಲೆಕ್ಕ? ಹಾರ್ಕೊಂಡು ಬರುತ್ತೆ ಬಿಡಿ."

"ಎರಡು ವರ್ಷದ ಕೂಸು ಕಣೋ ಅದು. ಬೀಗ ಕಂಡ್ರೆ ಅಲ್ಲೇ ಕೂತು ಅಳುತ್ತೆ."

ಪಾಪ, ಅವನು ಪೊರಕೆ ಕೆಳಗಿಟ್ಟ. ಆದರೆ ಆರ್ಡರ್ ನಿಮ್ಮದು, ಮತ್ತೆ ಎತ್ತಿಕೊಂಡ.

ನಮ್ಮಲ್ಲಿ ಸತ್ತವರು ಬಂದು ಉಂಡುಹೋದರೆ ಎಡೆಯ ತಿಂಡಿಯಲ್ಲಿ ರುಚಿ ಉಳಿಯುವುದಿಲ್ಲ. ಬೆಳಿಗ್ಗೆ ಅಕ್ಕ ಅವನಿಗಿಟ್ಟಿದ್ದ ಕೊರುಂದಾ ಎಂಬ ಮೆಕ್ಕೆಜೋಳದ ಕಡುಬಿನ ಎಲೆ ಬಿಚ್ಚಿ ಒಂದು ಚೂರು ಬಾಯಿಗೆ ಹಾಕಿಕೊಂಡಳು. "ರುಚಿ ಹಾಗೇ ಇದೆ ಕಣೇ" ಎಂದು ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಮಾನ್ಯರೇ, ನಿಮ್ಮ ಸಮಿತಿ ಆ ಕಡುಬಿಗೆ ಎಷ್ಟು ಅಂಕ ಕೊಟ್ಟಿತು? ಬೆಂಕಿ ಉಗುಳಿದ ಬೆಟ್ಟ ಅದ್ಭುತವಾದರೆ, ಸತ್ತ ಕೂಸಿಗೆ ಮುದುಕಿಯಾಗುವವರೆಗೂ ಕಡುಬು ಬೇಯಿಸಿಟ್ಟವಳು ಯಾವ ಪಟ್ಟಿಗೆ ಸೇರುತ್ತಾಳೆ?

ಅಕ್ಕ ಈ ವರ್ಷ ಈಸ್ಟರಿಗೆ ಮುಂಚೆ ಹೋಗಿಬಿಟ್ಟಳು. ಹೋಗುವ ಮೊದಲು ನನ್ನ ಕೈ ಹಿಡಿದು, "ಈ ಸಲ ನಾನೇ ಹೋಗಿ ಅವನನ್ನ ಎತ್ಕೊಂಡ್ ಬರ್ತೀನಿ. ನೀನು ಗೇಟ್ ಒಂದು ತೆಗೆಸು. ನನ್ನ ಮಂಡಿ ನಿಂಗೊತ್ತಲ್ಲ, ಹತ್ತಿ ದಾಟೋಕಾಗಲ್ಲ" ಎಂದಳು.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ನಿಯಮ ತಿಳಿಯದು. ಕೇಳುವುದು ಇಷ್ಟೇ: ಆ ಒಂದು ದಿನ ಪೊರಕೆ ಒಳಗಿಡಿಸಿ, ಆ ಒಂದು ರಾತ್ರಿ ಗೇಟು ತೆರೆದಿಡಿಸಿ. ಬೆಳಿಗ್ಗೆ ನೀವೇ ನಮ್ಮನೆಗೆ ಬಂದು ಕಡುಬಿನ ರುಚಿ ನೋಡಿ. ಸಪ್ಪಗಿದ್ದರೆ ನಿಮಗೆ ಕೈ ಮುಗಿಯುತ್ತೇನೆ.

ಇಂತಿ,
ನಿಮ್ಮ ಅದ್ಭುತದ ಅಡಿಯಲ್ಲಿ ತಮ್ಮನನ್ನು ಬಿಟ್ಟುಬಂದ
ಬರ್ನಾರ್ದಿನಾ