ಶೆಟಗೆವ್ವಗ ಹಚ್ಚಿದ ದೀಪ

ಬೇವೂರು, ಶ್ರಾವಣ, ೧೯೩೮

ವಿಟ್ಲಾಕ್ ಸಾಹೇಬರಿಗೆ ಅಮರಪ್ಪನ ಶರಣಾರ್ಥಿ.

ಇಲ್ಲಿ ಹಳೇ ಕಾಲದ ಕಲ್ಲು ಹುಡುಕಿ ಅಳೀವಾಗ ಕಲ್ತ ಕನ್ನಡ ನೀವು ಮರ್ತಿಲ್ಲ ಅಂತ ತಿಳದು ಬರದೀನಿ.

ನೀವು ವಿಲಾಯತಿಯಿಂದ ಕಳಿಸಿದ ಮಣ್ಣಿನ ದೀಪ ಮೊದಲು ಬಂತು, ಕಾಗದ ಹಿಂದಿಂದ ಬಂತು. ಅಂದು ಮಗಳು ಕಳಕಮ್ಮ ಹಡದು ಐದನೇ ದಿನ. ಶೆಟಗೆವ್ವ ಬಂದು ಕೂಸಿನ ಹಣೆಬರಹ ಬರಿಯೂ ದಿನ ಅದು. ಆಕಿಗೆ ಬೆಳಕು ಬೇಕಂತ ಹಚ್ಚಿದ ದೀಪ ಬೆಳಗಾಗೂತನ ಆರಬಾರದು. ನನ್ನ ಹೆಂಡತಿ ನಿಮ್ಮ ದೀಪನ ಹಚ್ಚಿದಳು.

ಸಂಜಿಕ ಟಪಾಲಿನವ ಕಾಗದ ತಂದ. ಎಲ್ಲಾರಿಗೂ ಕೇಳೂವಂಗ ಓದಿದೆ. ನಿಮ್ಮೂರ ಚರ್ಚಿನ ಹಿಂದ ಹಳೇ ರಾಜರ ಕಾಲದ ಗೋಡಿ ಅಗದೀರಿ, ಅದರ ತಳಕ್ಕ ರೋಮನ್ನರ ಮನಿ ಸಿಕ್ಕೈತಿ, ಆ ಮನಿ ಮೂಲ್ಯಾಗ ಒಂದು ಕೂಸಿನ ಗೋರಿ, ಎಲುಬಿನ ಮಗ್ಗಲಕ್ಕ ಈ ದೀಪ. ಅಷ್ಟು ಓದಿ ಕಾಗದ ಕೆಳಗಿಟ್ಟೆ.

ಬಾಣಂತಿ ಕೋಣ್ಯಾಗ ಎಲ್ಲಾರೂ ದೀಪದ ಕಡೆ ನೋಡಿದರು. ಉರಿಸಿದರ ಸತ್ತ ಕೂಸಿನ ದೀಪ, ಆರಿಸಿದರ ನಮ್ಮ ಕೂಸಿನ ಹಣೆಬರಹ ಅರ್ಧಕ್ಕ ನಿಂದರತೈತಿ. ಕಡೀಕ ಕಳಕಮ್ಮನ, “ಎಣ್ಣಿ ಹಾಕವ್ವಾ” ಅಂದಳು.

ಕೂಸು ಆರಾಮ ಐತಿ. ನಿಮ್ಮೂರ ಕೂಸಿನ ಮಗ್ಗಲದಾಗಿಂದ ದೀಪ ತಗೊಳ್ಳಾಕ ನಿಮಗ ಮನಸ್ಸು ಹೆಂಗ ಬಂತು ಅಂತ ನಾ ಕೇಳೂದಿಲ್ಲ.

ದೀಪ ತಿರುಗಿ ಕಳಸಾಕ ಕಳಕಮ್ಮ ಒಲ್ಲೆ ಅಂತಾಳ. ತನ್ನ ಮಗನ ಹಣೆಬರಹ ಬರದ ಬೆಳಕಂತ ಅದು. ಬದಲಿಗೆ ನಮ್ಮ ಕುಂಬಾರ ಮಾಡಿದ ಪಣತಿ ಕಳಿಸೀನಿ. ಬತ್ತಿ ಆಕೀನ ಹೊಸೆದಾಳ. ಅದನ್ನ ಆ ಕೂಸಿನ ಮಗ್ಗಲಕ್ಕ ಇಟ್ಟು ಮಣ್ಣು ಮುಚ್ಚರಿ.

ಮುಚ್ಚೂಕಿಂತ ಮೊದಲು ಒಂದು ಸಲ ಹಚ್ಚರಿ.

ನಿಮ್ಮ
ಅಮರಪ್ಪ