ಅಂಗೈಯ ಬೆಳಕು

೯ ಅಕ್ಟೋಬರ್ ೧೯೫೬, ಬೆಳಿಗ್ಗೆ

ರೊಟ್ಟಿ ಮುಗಿಯಿತು. ಇವರ ಪೂಜೆ ಮುಗಿದಿಲ್ಲ. ಎಡ ಅಂಗೈಯಲ್ಲಿ ಲಿಂಗ, ರೆಪ್ಪೆ ಮಿಟುಕಿಸದ ನೋಟ. ಪಕ್ಕದಲ್ಲಿ ಮಗಳು ನೀಲಾ, ಅಪ್ಪನ ಹಾಗೆಯೇ. ಏಳು ವರ್ಷಕ್ಕೇ ಅಪ್ಪನ ನಕಲು ಮಾಡುವ ಚಟ.

ಎದ್ದವರೇ ಅಂದರು, "ಏ, ಕೇಳಿಲ್ಲಿ. ಇವತ್ತ ಬೆಳಕು ಕಂಡಿತು. ಮಿಂಚು ಹೊಡದಂಗ!"

"ಶಿವ ಒಲದ ನನ್ನ ಮಗಗ," ಅಂತ ಅತ್ತೆ ಹುಗ್ಗಿಗೆ ಇಟ್ಟರು. ನನಗೆ ಮಾತ್ರ ಹೆದರಿಕೆ. ಇವರ ಎಡಗಣ್ಣು ಹುಟ್ಟಿನಿಂದಲೇ ಕಾಣುವುದಿಲ್ಲ. ಇರುವುದೊಂದೇ ಕಣ್ಣು...

೧೪ ಅಕ್ಟೋಬರ್

"ಬಾಗಲಾ ಚೌಕಟ್ಟು ಸೊಟ್ಟ ಆಗೇತಿ. ಬಡಿಗ್ಯಾರನ್ನ ಕರಸು," ಅಂದರು ಇವರು.

ಚೌಕಟ್ಟು ನೆಟ್ಟಗೇ ಇದೆ! ಪೇಟೆಯಲ್ಲಿ ಹತ್ತಿಯ ಎಳೆ ನೋಡಿ ದರ ಹೇಳುವ ಕಣ್ಣು ಇದು.

"ಹುಬ್ಬಳ್ಳಿಗೆ ಹೋಗೂಣು, ಡಾಕ್ಟರಿಗೆ ತೋರಸೂಣು ಬರ್ರಿ," ಅಂದೆ.

"ಶಿವ ಕೊಟ್ಟಿದ್ದನ್ನ ಡಾಕ್ಟರಿಗೆ ತೋರಸ್ತಾರೇನು?" ಅತ್ತೆಯೂ ಬೇಡ ಅಂದರು.

ಇವರ ಭಕ್ತಿಗಿಷ್ಟು ಬೆಂಕಿ... ಛೆ, ಏನು ಬರೆದೆ! ತಪ್ಪಾಯಿತು ಶಿವನೇ.

೨೭ ಅಕ್ಟೋಬರ್

ಪೇಟೆಗೆ ಹೊರಟವರಿಗೆ ಬುತ್ತಿ ಕೊಡಲು ಹೋದೆ. ನನ್ನನ್ನೇ ನೋಡಿದರು. "ನಿನ್ನ ಸೀರಿ ಕಾಣತೈತಿ. ಮಾರಿ ಕಾಣವಲ್ದು. ನಡುವ ಬರೇ ಹೊಗಿ." ಅತ್ತುಬಿಟ್ಟರು, ಗಂಡಸು! ಈಗಲೇ ಹೊರಟಿದ್ದೇವೆ.

೨೮ ಅಕ್ಟೋಬರ್, ಹುಬ್ಬಳ್ಳಿ

ಡಾಕ್ಟರು ಅಂದರು, "ಹುಟ್ಟಿನಿಂದನ ಕಣ್ಣಿನ ನರದ ಬುಡದಾಗ ಕುಳಿ ಐತಿ. ಈಗ ಒಳಗಿನ ಪರದೆ ಕಳಚಿಬಿಟ್ಟೈತಿ. ಮಿಂಚು ಕಂಡ ದಿನಾನ ಬರಬೇಕಿತ್ತು." ಆಮೇಲೆ ಕೇಳಿದರು, "ಮಕ್ಕಳದಾರೇನು? ಇದು ಮಕ್ಕಳಿಗೂ ಬರಬಹುದು. ಒಮ್ಮಿ ತೋರಸ್ರಿ."

ನೀಲಾ ಗದಗಿನ ಮನೆಯಲ್ಲಿ, ಅತ್ತೆಯ ಹತ್ತಿರ.

೧ ನವೆಂಬರ್

ಆಪರೇಷನ್ ಆಯಿತು. ಎರಡೂ ಕಣ್ಣಿಗೆ ಪಟ್ಟಿ. ಅಲುಗಾಡದೆ ಮಲಗಬೇಕು. ಹೊರಗೆ ಜೈಕಾರ, ಕನ್ನಡದವರೆಲ್ಲ ಒಂದಾದರಂತೆ. "ಭಾಳ ಮಂದಿ ಅದಾರೇನು?" ಇವರು ಕೇಳಿದರು. ಕಿಟಕಿಯಲ್ಲಿ ನಿಂತು ಕಂಡದ್ದನ್ನೆಲ್ಲ ಹೇಳಿದೆ. ಕೇಳುತ್ತಾ ನಕ್ಕರು.

೧೮ ನವೆಂಬರ್, ಗದಗ

ಪಟ್ಟಿ ಬಿಚ್ಚಿ ಮನೆಗೆ ಕಳಿಸಿದರು. ಹಗಲು ಯಾವುದು, ರಾತ್ರಿ ಯಾವುದು, ಅಷ್ಟು ಇವರಿಗೆ ತಿಳಿಯುತ್ತದೆ. ಅಷ್ಟೇ. ನಾಡಿದ್ದು ನೀಲಾಳನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಅತ್ತೆ ಈ ಸಲ ಬೇಡ ಅನ್ನಲಿಲ್ಲ.

೧೯ ನವೆಂಬರ್, ಬೆಳಿಗ್ಗೆ

ಇವರು ತಡವರಿಸುತ್ತಾ ಪೂಜೆಗೆ ಕುಳಿತರು. ಪಕ್ಕದಲ್ಲಿ ನೀಲಾ. ನಾನು ಹಿಟ್ಟು ನಾದುತ್ತಿದ್ದೆ.

"ಅವ್ವಾ! ನನಗೂ ಬೆಳಕು ಕಂಡಿತು. ಮಿಂಚು ಹೊಡದಂಗ!"

ಇವರ ಕೈಯಿಂದ ವಿಭೂತಿಗಟ್ಟಿ ಬಿತ್ತು.

ನಕಲು ಮಾಡುತ್ತಿದ್ದಾಳೆ. ನಕಲೇ ಇರಬೇಕು. ಶಿವನೇ, ನನ್ನ ಮಗಳು ಸುಳ್ಳಿಯಾಗಿರಲಿ! ಹಿಟ್ಟಿನ ಕೈಯಲ್ಲೇ ಅವಳ ಒಂದು ಕಣ್ಣು ಮುಚ್ಚಿದೆ. "ಚೌಕಟ್ಟು ನೋಡು. ಹೆಂಗ ಕಾಣತೈತಿ?"

ತಲೆ ವಾಲಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಬಡಿಗ್ಯಾರು ಇನ್ನೂ ಬಂದಿಲ್ಲೇನವ್ವಾ?"

ನಾಳೆಯಲ್ಲ, ಇವತ್ತೇ. ಗಾಡಿಗೆ ಹೊತ್ತಾಯಿತು. ಅವಳ ಲಂಗ, ಬುತ್ತಿ, ಹೊದಿಕೆ —