ರೈಫಾಳ ಸತುವಿನ ಮಾತ್ರೆಗಳು

ವೈಕರಧೂ ದ್ವೀಪ
ಸೋಮವಾರ, 12 ಜನವರಿ 2009

ಪ್ರೀತಿಯ ನಸೂಹ್,

ರೈಫಾಳ ರಕ್ತದಲ್ಲಿ ಸತುವಿನ ಅಂಶ ನಲವತ್ತೆಂಟಕ್ಕೆ ಇಳಿದಿದೆ, ಎಪ್ಪತ್ತಾದರೂ ಇರಬೇಕಂತೆ. ನಿನ್ನೆ ಅವಳಿಗೆ ರಕ್ತ ಹಾಕಿಸಲು ಹೋದಾಗ ಡಾಕ್ಟರಮ್ಮ ಹೇಳಿದ್ದನ್ನು ಸೊಸೆ ಶೌಫಾ ಬಂದು ತಿಳಿಸಿದಳು. ಕ್ಷೇಮ ಕೇಳುವ ಮೊದಲೇ ಸುದ್ದಿ ಬರೆದೆ, ಬೇಸರಿಸಬೇಡ. ನಿನ್ನ ಸೊಂಟನೋವು ಹೇಗಿದೆ? ಹಡಗಿನ ಅಡುಗೆಯವನು ಈಗಲಾದರೂ ಅನ್ನ ಬೇಯಿಸುತ್ತಾನೆಯೇ? ನನ್ನ ಮಂಡಿ ಹಾಗೇ ಇದೆ.

ಹನ್ನೆರಡು ತುಂಬಿದ ನಿನ್ನ ಮಗಳು, ಬಾಗಿಲ ಚೌಕಟ್ಟಿನ ಮೇಲೆ ನೀನು ಹೋಗುವಾಗ ಎಳೆದ ಗೆರೆಯಲ್ಲೇ ನಿಂತಿದ್ದಾಳೆ. ಹವಳದ ಕಲ್ಲು ತಗುಲಿದ ಪಾದದ ಗಾಯ ಐದು ವಾರವಾದರೂ ಒಣಗಿಲ್ಲ. ಊಟವಂತೂ ಬೇಡ. ಹೋದ ತಿಂಗಳು ನನ್ನ ಮೀನುಸಾರು ಬಾಯಿಗಿಟ್ಟು, "ಅಜ್ಜಿ, ಇದ್ರಲ್ಲಿ ಮೀನು ಬೆಂದಿಲ್ಲ, ಈಜಾಡಿ ಎದ್ದು ಹೋಗಿದೆ" ಎಂದಳು. ನನಗೆ ಸಿಟ್ಟು ಬಂತು. "ನಿಮ್ಮಪ್ಪ ಇದನ್ನೇ ಕುಡಿದು ಬೆಳೆದಿದ್ದು ಕಣೇ. ಕೆಟ್ಟಿರೋದು ನಿನ್ನ ನಾಲಿಗೆ" ಎಂದುಬಿಟ್ಟೆ. ನಿಜವಾಗಿಯೂ ನಾಲಿಗೆಯೇ ಕೆಟ್ಟಿತ್ತು. ಸತು ಕಡಿಮೆಯಾದರೆ ರುಚಿ ಹೋಗುತ್ತದಂತೆ, ಬೆಳವಣಿಗೆ ನಿಲ್ಲುತ್ತದಂತೆ, ಗಾಯವೂ ಮಾಯುವುದಿಲ್ಲವಂತೆ.

ಈ ಥಲಸೀಮಿಯಾದಲ್ಲಿ ರಕ್ತ ಹಾಕಿಸಿದಷ್ಟೂ ಮೈಯಲ್ಲಿ ಕಬ್ಬಿಣ ಸೇರುವುದು ನಿನಗೂ ಗೊತ್ತು. ಅದನ್ನು ತೆಗೆಯುವ ಔಷಧ ಸತುವನ್ನೂ ಜೊತೆಗೆ ಕೊಂಡೊಯ್ಯುತ್ತದಂತೆ. ಅದಕ್ಕೇ ಆರು ತಿಂಗಳ ಹಿಂದೆ ಸತುವಿನ ಮಾತ್ರೆ ಬರೆದುಕೊಟ್ಟಿದ್ದು. ತಪ್ಪದೆ ತೆಗೆದುಕೊಂಡಳೇ ಎಂದು ಡಾಕ್ಟರಮ್ಮ ಕೇಳಿದರಂತೆ. "ಒಂದು ದಿನಾನೂ ತಪ್ಪಿಲ್ಲ, ನಮ್ಮತ್ತೆನೇ ಕೈಯಾರೆ ಕೊಡ್ತಾರೆ" ಎಂದಳಂತೆ ಶೌಫಾ. ಹಾಗಾದರೆ ಕಬ್ಬಿಣ ತೆಗೆಯುವ ಔಷಧವನ್ನೇ ಅರ್ಧಕ್ಕೆ ಇಳಿಸಬೇಕಾಗುತ್ತದೆ ಎಂದಿದ್ದಾರೆ. ಕಬ್ಬಿಣ ಹೃದಯಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ನನ್ನ ತಂಗಿಯ ಮಗನಲ್ಲಿ ನಾವು ನೋಡಿದ್ದೇವೆ. ಶೌಫಾ ನಿನ್ನೆ ರಾತ್ರಿಯೆಲ್ಲ ರೈಫಾಳ ಪಕ್ಕದಲ್ಲೇ ಕೂತಿದ್ದಳು. ನಾನೂ ದಣಿದಿದ್ದೇನೆ, ಮಗನೇ. ಕಬ್ಬಿಣ ಹತ್ತದಿರಲೆಂದು ಹನ್ನೊಂದು ವರ್ಷದಿಂದ ಊಟ ಊಟಕ್ಕೂ ಅವಳಿಗೆ ಕಪ್ಪು ಚಹಾ ಕಾಯಿಸಿದ್ದೇನೆ, ಮೀನಿನ ಕೆಂಪು ಭಾಗ ತೆಗೆದುಹಾಕಿ ಬಡಿಸಿದ್ದೇನೆ, ನನ್ನಮ್ಮನ ಕಬ್ಬಿಣದ ಬಾಣಲೆಯನ್ನೂ ನೆರೆಮನೆಗೆ ಕೊಟ್ಟುಬಿಟ್ಟೆ.

ಅಲ್ಲಾಹನು ನಿನ್ನನ್ನೂ ಹಡಗನ್ನೂ ಕಾಯಲಿ. ರೈಫಾ ಸಲಾಂ ಹೇಳಿದ್ದಾಳೆ. ಬರುವಾಗ ಚಾಕಲೇಟು ತರಬೇಡವಂತೆ, ಅದೂ ಸಪ್ಪೆಯಂತೆ.

ನಿನ್ನ ಅಮ್ಮ,
ಹವ್ವಾ

ಇನ್ನೊಂದು ಮಾತು: ಮರೆತಿದ್ದೆ ಎಂದು ಬರೆಯಲಾರೆ. ಆ ಸತುವಿನ ಮಾತ್ರೆಗಳನ್ನು ನಾನು ಕೊಟ್ಟೇ ಇಲ್ಲ. ಸತುವೂ ಒಂದು ಲೋಹವೇ ಎಂದು ಔಷಧದಂಗಡಿಯವನು ಹೇಳಿದ್ದ. ಒಂದನ್ನು ತೆಗೆಯಲು ಇಷ್ಟು ಪಾಡು ಪಡುತ್ತಿರುವಾಗ ಇನ್ನೊಂದನ್ನು ಮಗುವಿನ ಮೈಗೆ ಹಾಕುವುದೇ ಎಂದುಕೊಂಡು, ಆರು ತಿಂಗಳ ಮಾತ್ರೆಗಳನ್ನೂ ನನ್ನ ಬಟ್ಟೆಪೆಟ್ಟಿಗೆಯಲ್ಲಿಟ್ಟೆ. ಫೋನಿನಲ್ಲಿ ಹೇಳೋಣವೆಂದರೆ ಶೌಫಾ ಪಕ್ಕದಲ್ಲೇ ಇರುತ್ತಾಳೆ. ಅವಳು ಶಾಲೆಯಲ್ಲಿ ಪಾಠ ಮುಗಿಸಿ ಬಂದ ಕೂಡಲೇ ಇಂದು ಹೇಳುತ್ತೇನೆ. ಔಷಧ ಇಳಿಸುವುದು ಗುರುವಾರ. ಅಂದು ಬೆಳಗ್ಗೆ ಏಳರ ದೋಣಿಗೆ ನಾನೂ ಆಸ್ಪತ್ರೆಗೆ ಹೋಗುತ್ತೇನೆ, ಮಾತ್ರೆಗಳನ್ನು ತೆಗೆದುಕೊಂಡು.